ಅಲೆಕ್ಸಾಂಡ್ರಿಯಾದ ವಿದ್ವಾಂಸರ ಬಗ್ಗೆ ಓದೋದು ಎಲ್ಲಿಂದ ಶುರು ಮಾಡಬೇಕು?

ಓದುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಎರಡು. ಅಲೆಕ್ಸಾಂಡ್ರಿಯಾ ಗ್ರಂಥಾಲಯ ಸುಟ್ಟಿದ್ದು ಯಾರು? ಆ ಕಾಲದ ಗ್ರೀಕ್ ವಿದ್ವಾಂಸರನ್ನು ಓದಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ? ಬಹಳ ಜನ ಮೊದಲನೇ ಪ್ರಶ್ನೆ ಹಿಡಿದುಕೊಂಡು ಹೊರಡುತ್ತಾರೆ, ನಾಲ್ಕು ವಿಡಿಯೋ ನೋಡುತ್ತಾರೆ, ಬೇಜಾರಾಗಿ ಬಿಟ್ಟುಬಿಡುತ್ತಾರೆ. ಬೆಂಕಿಯ ಕಥೆ ಕೇಳಿದ ಮೇಲೆ ಉಳಿಯೋದು ಬೂದಿ ಮಾತ್ರ. ಅಲ್ಲಿ ಕೂತಿದ್ದವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಿದ್ದರು ಅನ್ನೋದು ಗೊತ್ತಾದರೆ ಆ ಊರು ನಿಮ್ಮನ್ನು ಬಿಡೋದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅವರ ಕೆಲಸ ಮೊದಲು, ಬೆಂಕಿ ಆಮೇಲೆ.

ಮುಂಚೆಯೇ ಒಂದು ಮಾತು. ಅಲೆಕ್ಸಾಂಡ್ರಿಯಾ ಇರೋದು ಈಜಿಪ್ಟ್‌ನಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ. ಆದರೆ ಅಲ್ಲಿ ಆಳಿದವರು, ಓದಿದವರು, ಬರೆದವರು ಬಳಸಿದ್ದು ಗ್ರೀಕ್ ಭಾಷೆ. ಇಷ್ಟನ್ನು ಮನಸ್ಸಲ್ಲಿಟ್ಟುಕೊಳ್ಳಿ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್, ಒಂದು ಕೈವಾರ, ಒಂದು ಸ್ಕೇಲು, ಮೀಟರ್ ಉದ್ದದ ನೆಟ್ಟನೆಯ ಕೋಲು, ಮೆಡಿಟರೇನಿಯನ್ ಸುತ್ತಮುತ್ತಲಿನ ಒಂದು ನಕ್ಷೆ, ಇಂಟರ್ನೆಟ್ ಇರುವ ಫೋನು. ಗ್ರೀಕ್ ಭಾಷೆ ಗೊತ್ತಿರಬೇಕು ಅಂತೇನಿಲ್ಲ. ಹೈಸ್ಕೂಲ್ ಗಣಿತ ಸಾಕು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಎರಡು ತಿಂಗಳಲ್ಲಿ ಒಂದು ಒಳ್ಳೆಯ ಬುನಾದಿ ಆಗುತ್ತದೆ.

ಹಂತ 1: ಮೊದಲು ಕಾಲದ ಗೆರೆ ಎಳೆಯಿರಿ

ನೋಟ್‌ಬುಕ್ಕನ್ನು ಅಡ್ಡ ಇಟ್ಟುಕೊಂಡು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡ ತುದಿಗೆ ಕ್ರಿ.ಪೂ. 331 ಅಂತ ಬರೆಯಿರಿ. ಅಲೆಕ್ಸಾಂಡರ್ ಈ ಊರು ಕಟ್ಟಿಸಲು ಶುರು ಮಾಡಿದ ವರ್ಷ ಅದು. ಬಲ ತುದಿಗೆ ಕ್ರಿ.ಶ. 642, ಅರಬರು ಊರನ್ನು ವಶಕ್ಕೆ ತೆಗೆದುಕೊಂಡ ಕಾಲ. ನಡುವೆ ಹತ್ತಿರ ಹತ್ತಿರ ಸಾವಿರ ವರ್ಷ. ವಿಜಯನಗರ ಹುಟ್ಟಿ ಇವತ್ತಿಗೆ ಏಳುನೂರು ವರ್ಷವೂ ಆಗಿಲ್ಲ, ಅದಕ್ಕಿಂತ ಉದ್ದದ ಕಥೆ ಇದು.

ಈಗ ಈ ಗುರುತುಗಳನ್ನು ಹಾಕಿ. ಅಲೆಕ್ಸಾಂಡರ್ ತೀರಿಕೊಂಡಿದ್ದು ಕ್ರಿ.ಪೂ. 323. ಅವನ ಸೇನಾನಿಗಳಲ್ಲಿ ಒಬ್ಬನಾದ ಟಾಲೆಮಿ ಈಜಿಪ್ಟನ್ನು ಹಿಡಿದ. ಮೊದಲ ಮೂವರು ಟಾಲೆಮಿ ರಾಜರ ಕಾಲ, ಅಂದರೆ ಸುಮಾರು ಕ್ರಿ.ಪೂ. 300ರಿಂದ 222ರವರೆಗಿನದ್ದು, ಈ ವಿದ್ಯಾಕೇಂದ್ರದ ಸುಗ್ಗಿ ಕಾಲ. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಾ ಸತ್ತ ಮೇಲೆ ಊರು ರೋಮನ್ನರ ಕೈಗೆ ಹೋಯಿತು.

ಎಚ್ಚರಿಕೆ: ಎಲ್ಲರೂ ಒಂದೇ ಕಾಲದಲ್ಲಿ ಒಂದೇ ಹಜಾರದಲ್ಲಿ ಕೂತಿದ್ದರು ಅನ್ನೋ ಚಿತ್ರ ತಲೆಯಲ್ಲಿದ್ದರೆ ಈಗಲೇ ತೆಗೆದುಹಾಕಿ. ಜ್ಯಾಮಿತಿಯ ಯೂಕ್ಲಿಡ್‌ಗೂ, ಗಣಿತ, ತತ್ವಜ್ಞಾನ ಕಲಿಸುತ್ತಿದ್ದ ಹೈಪೇಷಿಯಾಗೂ ನಡುವೆ ಏಳುನೂರು ವರ್ಷ ಇದೆ.

ಹಂತ 2: ಗ್ರಂಥಾಲಯ ಬೇರೆ, ಮೂಸೆಯಾನ್ ಬೇರೆ

ಮೂಸೆಯಾನ್ ಅಂದರೆ ಮ್ಯೂಸ್‌ಗಳ ಗುಡಿ. ಮ್ಯೂಸ್‌ಗಳು ಗ್ರೀಕರ ಪಾಲಿಗೆ ಕಾವ್ಯ, ಸಂಗೀತ, ವಿದ್ಯೆಗಳ ದೇವತೆಗಳು, ಒಟ್ಟು ಒಂಬತ್ತು ಜನ. ಇವತ್ತಿನ ‘ಮ್ಯೂಸಿಯಂ’ ಪದ ಬಂದಿದ್ದು ಇದರಿಂದಲೇ. ಆದರೆ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಳೇ ಸಾಮಾನು ಇಟ್ಟಿರಲಿಲ್ಲ. ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಊಟ, ವಸತಿ, ಸಂಬಳ ಕೊಟ್ಟು ವಿದ್ವಾಂಸರನ್ನು ಇಟ್ಟುಕೊಂಡಿದ್ದ ಮಠದಂಥ ಜಾಗ. ಸ್ಟ್ರಾಬೊ ಎಂಬ ಭೂಗೋಳಕಾರ ಕ್ರಿ.ಪೂ. 20ರ ದಶಕದಲ್ಲಿ ಆ ಊರಲ್ಲಿದ್ದು ಬರೆದಿದ್ದಾನೆ. ಅರಮನೆಯ ಆವರಣದೊಳಗೆ ಓಡಾಡಲು ನೆರಳಿನ ಹಾದಿ, ಕೂತು ಮಾತಾಡಲು ಕಟ್ಟೆಗಳಿರುವ ಪಡಸಾಲೆ, ಎಲ್ಲರೂ ಒಟ್ಟಿಗೆ ಉಣ್ಣುವ ಊಟದ ಮನೆ, ಎಲ್ಲರಿಗೂ ಸೇರಿದ ಹಣ, ಮೇಲೊಬ್ಬ ಪೂಜಾರಿ. ಆ ಪೂಜಾರಿಯನ್ನು ನೇಮಿಸುತ್ತಿದ್ದವನು ರಾಜ. ಗಮನಿಸಿ, ಊಟ ಹಾಕುವವನು ರಾಜ. ಈ ಸಂಗತಿ ಹಂತ 8ರಲ್ಲಿ ಮತ್ತೆ ಬರುತ್ತದೆ.

ಗ್ರಂಥಾಲಯ ಇವರ ಕೆಲಸಕ್ಕೆಂದು ಇದ್ದ ಸಂಗ್ರಹ. ಪುಸ್ತಕ ಅಂದರೆ ಪಪೈರಸ್ ಸುರುಳಿ, ಅಂದರೆ ನೈಲ್ ನದಿಯ ಜೊಂಡನ್ನು ಸೀಳಿ, ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಒತ್ತಿ ಮಾಡಿದ ಹಾಳೆಗಳ ಸುರುಳಿ. ಇದಲ್ಲದೆ ಸೆರಾಪಿಸ್ ದೇವರ ಗುಡಿಯಲ್ಲಿ ಇನ್ನೊಂದು ಸಂಗ್ರಹ ಇತ್ತು. ಆ ಗುಡಿಗೆ ಸೆರಾಪಿಯಂ ಅಂತ ಹೆಸರು. ನೋಟ್‌ಬುಕ್ಕಲ್ಲಿ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬೆಂಕಿಯ ವಿಷಯದಲ್ಲಿ ಜನ ಎಡವೋದೇ ಈ ಮೂರನ್ನು ಒಂದು ಮಾಡಿದಾಗ.

ಸುರುಳಿಗಳ ಲೆಕ್ಕ ಕೇಳಿ ಮರುಳಾಗಬೇಡಿ. ಏಳು ಲಕ್ಷ ಅನ್ನೋ ಸಂಖ್ಯೆ ಹಳಬರ ಬರಹದಲ್ಲೇ ಇದೆ, ನಿಜ. ಆದರೆ ಒಂದು ಸುರುಳಿ ಒಂದು ಪುಸ್ತಕ ಅಲ್ಲ. ಗ್ರೀಕ್ ಕವಿ ಹೋಮರ್‌ನ ಇಲಿಯಡ್ ಕಾವ್ಯ ಒಂದಕ್ಕೇ 24 ಭಾಗ, ಅಷ್ಟೇ ಸುರುಳಿ ಹಿಡಿಯಬಹುದು. ಬೇರೆ ಬೇರೆ ಲೇಖಕರು ಕೊಡುವ ಅಂಕಿಗಳಿಗೆ ತಾಳಮೇಳವೂ ಇಲ್ಲ.

ಹಂತ 3: ಮೂರು ಕಾಲಂ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡೋಕೆ ಪುರುಸೊತ್ತಿದೆ ಅಂದರೆ ಇದನ್ನು ಮಾಡಿ.

ಅಲೆಕ್ಸಾಂಡ್ರಿಯಾದವರು ಬರೆದದ್ದರಲ್ಲಿ ಬಹುಪಾಲು ಕಳೆದುಹೋಗಿದೆ. ನಮಗೆ ಸಿಕ್ಕಿರೋದರಲ್ಲಿ ಜಾಸ್ತಿ ಪಾಲು ‘ತುಣುಕು’. ಅಂದರೆ ಮೂಲ ಪುಸ್ತಕ ಹೋಗಿದೆ, ಆಮೇಲೆ ಬಂದ ಯಾರೋ ಅದರಿಂದ ಎರಡು ಸಾಲು ಎತ್ತಿ ಬರೆದಿದ್ದು ಉಳಿದಿದೆ. ಆದ್ದರಿಂದ ಯಾವ ಸಂಗತಿ ಓದಿದರೂ ನೋಟ್‌ಬುಕ್ಕಲ್ಲಿ ಮೂರು ಕಾಲಂ ತುಂಬಿ. ಹೇಳಿದವರು ಯಾರು? ಅವರು ಯಾವಾಗ ಇದ್ದರು? ಘಟನೆಗೂ ಅವರಿಗೂ ಎಷ್ಟು ವರ್ಷದ ಅಂತರ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಜ ಟಾಲೆಮಿ, ಜ್ಯಾಮಿತಿ ಕಲಿಯೋಕೆ ಸುಲಭದ ದಾರಿ ಇಲ್ಲವೇ ಅಂತ ಯೂಕ್ಲಿಡ್‌ನನ್ನು ಕೇಳಿದನಂತೆ, ಇದಕ್ಕೆ ರಾಜಮಾರ್ಗ ಅಂತ ಯಾವುದೂ ಇಲ್ಲ ಅಂದನಂತೆ ಯೂಕ್ಲಿಡ್. ಈ ಕಥೆ ಎಲ್ಲ ಕಡೆ ಓಡಾಡುತ್ತದೆ. ಹೇಳಿದವನು ಪ್ರೊಕ್ಲಸ್ ಎಂಬ ಗ್ರೀಕ್ ತತ್ವಜ್ಞಾನಿ. ಇದ್ದದ್ದು ಕ್ರಿ.ಶ. 5ನೇ ಶತಮಾನದಲ್ಲಿ. ಅಂತರ ಏಳುನೂರಕ್ಕೂ ಹೆಚ್ಚು ವರ್ಷ. ಅಷ್ಟೇ ಅಲ್ಲ, ಇದೇ ಮಾತನ್ನು ಅಲೆಕ್ಸಾಂಡರ್‌ಗೆ ಮೆನೆಕ್ಮಸ್ ಎಂಬ ಬೇರೊಬ್ಬ ಗಣಿತಜ್ಞ ಹೇಳಿದ ಅಂತಲೂ ಇನ್ನೊಂದು ಕಡೆ ಬರುತ್ತದೆ. ಕಥೆ ಚೆನ್ನಾಗಿದೆ, ಹೇಳಿಕೊಳ್ಳಿ. ಇತಿಹಾಸ ಅಂತ ಮಾತ್ರ ಬರೆದುಕೊಳ್ಳಬೇಡಿ.

ಹೀಗೆ ಹತ್ತು ಸಂಗತಿ ತುಂಬುವಷ್ಟರಲ್ಲಿ ನಿಮ್ಮ ಓದಿನ ರೀತಿಯೇ ಬದಲಾಗಿರುತ್ತದೆ.

ಹಂತ 4: ಒಂದೇ ಹೆಸರಿನವರನ್ನು ಬಿಡಿಸಿಕೊಳ್ಳಿ

ಇಲ್ಲಿ ಎಡವದೇ ಇದ್ದವರನ್ನು ನಾನು ನೋಡಿಲ್ಲ. ಪಟ್ಟಿ ಮಾಡಿಟ್ಟುಕೊಳ್ಳಿ.

ಅರಿಸ್ಟಾರ್ಕಸ್ ಇಬ್ಬರು. ಸೇಮಾಸ್ ದ್ವೀಪದವನು ಖಗೋಳದವನು, ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಅಂದವನು. ಸ್ಯಾಮೊಥ್ರೇಸ್ ದ್ವೀಪದವನು ವ್ಯಾಕರಣದವನು, ಹೋಮರ್ ಕಾವ್ಯವನ್ನು ಸಂಪಾದಿಸಿದವನು. ಅಪೊಲೋನಿಯಸ್ ಕೂಡ ಇಬ್ಬರು, ರೋಡ್ಸ್‌ನ ಹೆಸರು ಹೊತ್ತವನು ಕವಿ ಮತ್ತು ಗ್ರಂಥಪಾಲಕ, ಪೆರ್ಗಾದವನು ಶಂಕುವಿನ ಛೇದಗಳ ಬಗ್ಗೆ ಬರೆದ ಗಣಿತಜ್ಞ. ಗ್ರಂಥಪಾಲಕನಾಗಿದ್ದ ಅರಿಸ್ಟೋಫೇನೀಸ್ ಬೈಜಾಂಟಿಯಂನವನು, ಅಥೆನ್ಸ್‌ನ ನಗೆನಾಟಕಕಾರ ಬೇರೆ. ಇನ್ನು ಖಗೋಳಜ್ಞ ಕ್ಲಾಡಿಯಸ್ ಟಾಲೆಮಿ ಇದ್ದದ್ದು ಕ್ರಿ.ಶ. 2ನೇ ಶತಮಾನದಲ್ಲಿ, ಅವನಿಗೂ ಟಾಲೆಮಿ ರಾಜರಿಗೂ ಸಂಬಂಧ ಇಲ್ಲ. ಹಳೇ ಚಿತ್ರಗಳಲ್ಲಿ ಅವನ ತಲೆಗೆ ಕಿರೀಟ ಇಟ್ಟುಬಿಟ್ಟಿದ್ದಾರೆ, ಅದನ್ನು ನೋಡಿ ಮೋಸ ಹೋಗಬೇಡಿ.

ಹಂತ 5: ಕೈಯಿಂದ ಮಾಡಿ ನೋಡಿ

ಇಲ್ಲಿಂದ ನಿಜವಾದ ಓದು ಶುರು. ಓದು ಅನ್ನೋದಕ್ಕಿಂತ ಕೆಲಸ ಅನ್ನಬೇಕು.

ಮೊದಲು ಯೂಕ್ಲಿಡ್. ಅವನ ‘ಎಲಿಮೆಂಟ್ಸ್’ 13 ಭಾಗಗಳದ್ದು, ಅನುವಾದ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲನೇ ಭಾಗದ ಮೊದಲನೇ ಪ್ರಮೇಯ ತೆಗೆಯಿರಿ. ಒಂದು ಗೆರೆ ಕೊಟ್ಟಿದೆ, ಅದರ ಮೇಲೆ ಮೂರೂ ಬದಿ ಸಮನಾದ ತ್ರಿಕೋನ ಕಟ್ಟಬೇಕು. ಕೈವಾರದ ಮೊನೆಯನ್ನು ಗೆರೆಯ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಯನ್ನು ಮುಟ್ಟುವ ಹಾಗೆ ವೃತ್ತ ಎಳೆಯಿರಿ. ಆಮೇಲೆ ಆ ತುದಿಯಿಂದ ಈ ತುದಿಗೆ. ಎರಡು ವೃತ್ತ ಸೇರುವ ಜಾಗಕ್ಕೆ ಎರಡೂ ತುದಿಯಿಂದ ಗೆರೆ ಎಳೆದರೆ ತ್ರಿಕೋನ ಆಯಿತು. ಈಗ ಒಂದು ನಿಮಿಷ ಯೋಚಿಸಿ. ಆ ಎರಡು ವೃತ್ತಗಳು ಒಂದನ್ನೊಂದು ಕತ್ತರಿಸಲೇಬೇಕು ಅಂತ ಯೂಕ್ಲಿಡ್ ಎಲ್ಲಾದರೂ ಸಾಧಿಸಿದ್ದಾನಾ? ಇಲ್ಲ. ಕಣ್ಣಿಗೆ ಕಾಣುತ್ತದೆ ಅಂತ ಬಿಟ್ಟಿದ್ದಾನೆ. ಈ ಕೊರತೆಯನ್ನು ಗಣಿತಜ್ಞರು ಆಮೇಲೆ ಗುರುತಿಸಿ ಸರಿಪಡಿಸಿದರು. ಎರಡು ಸಾವಿರ ವರ್ಷ ಜಗತ್ತು ಪಾಠ ಮಾಡಿದ ಪುಸ್ತಕದ ಮೊದಲ ಪುಟದಲ್ಲೇ ನೀವೊಂದು ಪ್ರಶ್ನೆ ಕೇಳಬಹುದು, ಇದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ದಿನಕ್ಕೊಂದರಂತೆ ಮೊದಲ ಹತ್ತು ಪ್ರಮೇಯ ಮಾಡಿ. 47ನೆಯದು ಪೈಥಾಗೊರಸ್ ಪ್ರಮೇಯ, ಅದನ್ನು ತಲುಪೋಕೆ ಅವಸರ ಮಾಡಬೇಡಿ.

ಅಂದಹಾಗೆ, ನಿಮ್ಮ ಕೈವಾರದ ಮೊನೆ ಊರಿದ ಜಾಗಕ್ಕೆ ಗ್ರೀಕಿನಲ್ಲಿ ‘ಕೆಂಟ್ರಾನ್’ ಅಂತಾರೆ. ಮೂಲದಲ್ಲಿ ಎತ್ತನ್ನೋ ಕುದುರೆಯನ್ನೋ ತಿವಿಯುವ ಚೂಪು ಮೊನೆ ಅಂತ ಅರ್ಥ. ಆ ಪದ ಜ್ಯೋತಿಷ, ಖಗೋಳದ ಜೊತೆ ಸಂಸ್ಕೃತಕ್ಕೆ ಬಂದು ‘ಕೇಂದ್ರ’ ಆಯಿತು, ಅಲ್ಲಿಂದ ಕನ್ನಡಕ್ಕೆ. ‘ಹೋರಾ’ ಕೂಡ ಹಾಗೇ ಬಂದದ್ದು. ವಿದ್ಯಾಕೇಂದ್ರ ಅಂತ ಬರೆಯುವಾಗೆಲ್ಲ ನಾವು ಒಂದು ಯವನ ಪದ ಬರೆಯುತ್ತಿದ್ದೇವೆ.

ಎರಡನೆಯದು ಎರಟೋಸ್ಥನೀಸ್. ಇವನು ಸೈರೀನ್ ಊರಿನವನು, ಈಗಿನ ಲಿಬಿಯಾದಲ್ಲಿದೆ ಅದು. ಮೂರನೇ ಟಾಲೆಮಿ ಕರೆಸಿಕೊಂಡು ಗ್ರಂಥಾಲಯದ ಮುಖ್ಯಸ್ಥನನ್ನಾಗಿ ಮಾಡಿದ. ಕಾವ್ಯ, ಕಾಲಗಣನೆ, ಗಣಿತ, ಭೂಗೋಳ ಎಲ್ಲಕ್ಕೂ ಕೈ ಹಾಕಿದ. ಎಲ್ಲದರಲ್ಲೂ ಎರಡನೇ ಸ್ಥಾನ ಅಂತ ‘ಬೀಟಾ’ ಎಂದು ಅಡ್ಡಹೆಸರಿಟ್ಟಿದ್ದರು. ಆದರೆ ಆರ್ಕಿಮಿಡೀಸ್ ತನ್ನ ಅತ್ಯಂತ ಗುಟ್ಟಿನ ವಿಧಾನವನ್ನು ಬಿಡಿಸಿ ಪತ್ರ ಬರೆದದ್ದು ಇವನಿಗೇ.

ಇವನ ದೊಡ್ಡ ಕೆಲಸ ಭೂಮಿಯ ಸುತ್ತಳತೆ. ಸೈಯೀನ್ ಊರಲ್ಲಿ, ಅಂದರೆ ಈಗಿನ ಅಸ್ವಾನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲಿನ ದಿನ ನಡುಮಧ್ಯಾಹ್ನ ನೆರಳು ಬೀಳೋದಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಬೀಳುತ್ತದೆ. ಆ ನೆರಳಿನ ಕೋನ ವೃತ್ತದ 50ರಲ್ಲಿ ಒಂದು ಪಾಲು. ಎರಡು ಊರಿನ ನಡುವೆ 5,000 ಸ್ಟೇಡಿಯಾ. ಗುಣಿಸಿದರೆ 2,50,000. ಸ್ಟೇಡಿಯಾ ಅನ್ನೋದು ಆಗಿನ ಉದ್ದದ ಅಳತೆ, ಓಟದ ಮೈದಾನದಷ್ಟು. ಅದು ಎಷ್ಟು ಮೀಟರ್ ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಆದ್ದರಿಂದ ಅವನ ಲೆಕ್ಕ ಒಂದು ಪರ್ಸೆಂಟ್ ಒಳಗೆ ಸರಿ ಇತ್ತು ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ನಂಬಬೇಡಿ. ಇನ್ನೊಂದು ಸಂಗತಿ, ಈ ಅಳತೆ ಬಗ್ಗೆ ಅವನೇ ಬರೆದ ಪುಸ್ತಕ ಉಳಿದಿಲ್ಲ. ನಮಗೆ ವಿವರ ಹೇಳೋದು ಎಷ್ಟೋ ತಲೆಮಾರು ಆಮೇಲೆ ಬಂದ ಕ್ಲಿಯೊಮಿಡೀಸ್. ಮೂರು ಕಾಲಂ ನೆನಪಿದೆ ತಾನೇ?

ಇದನ್ನು ನಾವೂ ಮಾಡಬಹುದು. ಬೆಂಗಳೂರು, ಬೀದರ್ ಎರಡೂ ಹೆಚ್ಚುಕಮ್ಮಿ ಒಂದೇ ರೇಖಾಂಶದಲ್ಲಿವೆ, ಬೀದರ್ ನೇರ ಉತ್ತರಕ್ಕೆ. ಅಸ್ವಾನ್ ಅಲೆಕ್ಸಾಂಡ್ರಿಯಾಗೆ ಅಷ್ಟು ನೇರ ಇಲ್ಲ, ಮೂರು ಡಿಗ್ರಿ ಪೂರ್ವಕ್ಕೆ ಸರಿದಿದೆ. ಈ ಲೆಕ್ಕದಲ್ಲಿ ನಮಗೆ ಸಿಕ್ಕ ಊರುಗಳೇ ವಾಸಿ.

ಮಾಡೋದು ಹೀಗೆ:

1. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ. ಅಂದರೆ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳಿರೋದಿಲ್ಲ. ಆಗಸ್ಟ್ 18ರ ಸುಮಾರಿಗೂ ಬರುತ್ತದೆ, ಆದರೆ ಅದು ಮೋಡದ ಕಾಲ.

2. ಬೀದರ್‌ನಲ್ಲಿರುವ ಪರಿಚಯದವರನ್ನು ಮುಂಚೆಯೇ ಒಪ್ಪಿಸಿಟ್ಟುಕೊಳ್ಳಿ. ಅವರು ಅದೇ ದಿನ ಸಮತಟ್ಟಾದ ಜಾಗದಲ್ಲಿ ಕೋಲು ನೆಡಬೇಕು. ಕೋಲಿನ ತುದಿಗೆ ನೆಲ್ಲಿಕಾಯಿ ಗಾತ್ರದ ಮಣ್ಣಿನ ಉಂಡೆ ಮೆತ್ತಿ. ಉಂಡೆಯ ನಡುವಿನಿಂದ ನೆಲಕ್ಕೆ ಸರಿಯಾಗಿ 100 ಸೆಂ.ಮೀ. ಇರಬೇಕು.

3. ಕೋಲು ನೆಟ್ಟಗಿದೆಯಾ ಅಂತ ಎರಡು ಕಡೆಯಿಂದ ನೋಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು, ಗಾರೆ ಕೆಲಸದವರು ಗೋಡೆ ನೋಡುವ ಹಾಗೆ. ಈ ಪ್ರಯೋಗ ಕೆಡೋದು ಬಹುತೇಕ ಇಲ್ಲೇ.

4. ಗಡಿಯಾರದ 12 ಗಂಟೆ ನಡುಮಧ್ಯಾಹ್ನ ಅಲ್ಲ. ನಮ್ಮ ಕಡೆ ಏಪ್ರಿಲ್ ಕೊನೆಯಲ್ಲಿ ಅದು ಸುಮಾರು 12 ಗಂಟೆ 18 ನಿಮಿಷಕ್ಕೆ. 12 ಗಂಟೆ 5 ನಿಮಿಷಕ್ಕೇ ಶುರು ಮಾಡಿ, 12 ಗಂಟೆ 30 ನಿಮಿಷದವರೆಗೆ ಎರಡೆರಡು ನಿಮಿಷಕ್ಕೆ ಉಂಡೆಯ ನೆರಳಿನ ನಡುವಿಗೆ ಗುರುತು ಹಾಕುತ್ತಾ ಹೋಗಿ. ಅತಿ ಗಿಡ್ಡ ನೆರಳು ಯಾವುದೋ ಅದನ್ನು ತೆಗೆದುಕೊಳ್ಳಿ.

5. ನೆರಳು 8.6 ಸೆಂ.ಮೀ. ಆಸುಪಾಸು ಬರಬೇಕು. 628 ಅನ್ನು ಇದರಿಂದ ಭಾಗಿಸಿ. 628 ಅಂದರೆ 100 ಸೆಂ.ಮೀ. ತ್ರಿಜ್ಯದ ವೃತ್ತದ ಸುತ್ತಳತೆ. ಸಣ್ಣ ಕೋನವಾದ್ದರಿಂದ ಹೀಗೆ ಮಾಡಿದರೆ ನಡೆಯುತ್ತದೆ. ಉತ್ತರ 73. ಅಂದರೆ ಈ ಎರಡು ಊರಿನ ನಡುವಿನ ದೂರ ಭೂಮಿಯ ಸುತ್ತಳತೆಯ 73ರಲ್ಲಿ ಒಂದು ಪಾಲು.

6. ನಕ್ಷೆಯಲ್ಲಿ ಎರಡು ಊರಿನ ನಡುವೆ ನೇರ ಗೆರೆ ಎಳೆದು ದೂರ ನೋಡಿ, ಸುಮಾರು 547 ಕಿ.ಮೀ. ಬಸ್ಸಿನ ದಾರಿಯ ದೂರ ಹಾಕಬೇಡಿ, ಅದು ಜಾಸ್ತಿ. 547ನ್ನು 73ರಿಂದ ಗುಣಿಸಿದರೆ 39,931. ಧ್ರುವಗಳ ಮೇಲೆ ಹಾದುಹೋಗುವ ಸುತ್ತಳತೆ 40,008 ಕಿ.ಮೀ.

ನೆರಳನ್ನು ಒಂದು ಮಿಲಿಮೀಟರ್ ತಪ್ಪಾಗಿ ಅಳೆದರೆ ಉತ್ತರ 450 ಕಿ.ಮೀ.ಗೂ ಜಾಸ್ತಿ ಆಚೀಚೆ ಹೋಗುತ್ತದೆ. ಅದನ್ನು ಅನುಭವಿಸಿದ ಮೇಲೆ ಎರಟೋಸ್ಥನೀಸ್ ಮೇಲಿನ ಗೌರವ ಎಷ್ಟು ಹೆಚ್ಚಾಗುತ್ತದೆ ನೋಡಿ.

ಹಂತ 6: ಹೋಮರ್‌ನ ಒಂದು ಪುಟ ತೆರೆಯಿರಿ

ಬಹಳ ಜನ ಗಣಿತ, ಖಗೋಳ ನೋಡಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅಲೆಕ್ಸಾಂಡ್ರಿಯಾದವರ ಅತಿ ದೊಡ್ಡ ಕೆಲಸ ಗ್ರಂಥಸಂಪಾದನೆ. ಒಂದೇ ಕಾವ್ಯದ ಹತ್ತಾರು ಪ್ರತಿಗಳನ್ನು ಮುಂದಿಟ್ಟುಕೊಂಡು, ಎಲ್ಲಿ ಯಾವ ಪಾಠ ಸರಿ ಅಂತ ತೂಗಿ ನೋಡೋದು. ನಮ್ಮಲ್ಲಿ ಓಲೆಗರಿ ಪ್ರತಿಗಳನ್ನು ಹೋಲಿಸಿ ಪಂಪನನ್ನೋ ಕುಮಾರವ್ಯಾಸನನ್ನೋ ಅಚ್ಚು ಮಾಡಿದವರು ಪಟ್ಟ ಪಾಡು ಇದೇ ಜಾತಿಯದು.

ಮೊದಲ ಗ್ರಂಥಪಾಲಕ ಝೆನೊಡೋಟಸ್ ಅನುಮಾನ ಬಂದ ಸಾಲಿನ ಪಕ್ಕ ಒಂದು ಅಡ್ಡಗೆರೆ ಹಾಕುವ ಪದ್ಧತಿ ತಂದ. ಅದಕ್ಕೆ ‘ಓಬೆಲಸ್’ ಅಂತ ಹೆಸರು, ಮಾಂಸ ಸುಡುವ ಸರಳು ಅಂತ ಅರ್ಥ. ಆಮೇಲೆ ಬಂದವರು ನಕ್ಷತ್ರದ ಗುರುತು, ಬಾಣದ ತುದಿಯಂಥ ಗುರುತು ಸೇರಿಸಿದರು. ವ್ಯಾಕರಣದ ಅರಿಸ್ಟಾರ್ಕಸ್ ಇದನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಒಯ್ದ. ಇಲ್ಲಿ ನೋಡಬೇಕಾದ್ದು ಒಂದೇ. ಸಾಲು ಹೋಮರ್‌ನದಲ್ಲ ಅಂತ ಅನಿಸಿದರೂ ಅದನ್ನು ಪುಟದಿಂದ ಕಿತ್ತುಹಾಕದೆ ಪಕ್ಕದಲ್ಲಿ ಗುರುತು ಹಾಕಿ ಬಿಟ್ಟ. ಓದುವವನೇ ತೀರ್ಮಾನ ಮಾಡಲಿ ಅಂತ ಜಾಗ ಉಳಿಸಿದ ಹಾಗಾಯಿತು.

ಈ ಗುರುತುಗಳನ್ನು ಕಣ್ಣಾರೆ ನೋಡಬಹುದು. ವೆನಿಸ್‌ನಲ್ಲಿ 10ನೇ ಶತಮಾನದ ಇಲಿಯಡ್ ಹಸ್ತಪ್ರತಿ ಇದೆ, ‘ವೆನೆಟಸ್ ಎ’ ಅಂತ ಕರೆಯುತ್ತಾರೆ. ಅದರ ಎಲ್ಲ ಪುಟಗಳ ಫೋಟೋ ಪುಕ್ಕಟೆ ನೋಡೋಕೆ ಸಿಗುತ್ತದೆ. ಫೋನಲ್ಲಿ ಒಂದು ಪುಟ ತೆರೆದು ದೊಡ್ಡದು ಮಾಡಿ. ನಡುವೆ ಕಾವ್ಯ, ಸುತ್ತ ಅಂಚಿನಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದ ಟಿಪ್ಪಣಿ. ಕಾವ್ಯದ ಸಾಲು ಶುರುವಾಗುವ ಕಡೆ ನೋಡಿ, ಅಲ್ಲಲ್ಲಿ ಬಾಣದ ತುದಿ, ಎಲ್ಲೋ ಒಂದು ಅಡ್ಡಗೆರೆ, ಅಪರೂಪಕ್ಕೆ ಒಂದು ನಕ್ಷತ್ರ. ನಿಮ್ಮ ಫೋನಿನ ಕೀಲಿಮಣೆಯಲ್ಲಿರುವ ನಕ್ಷತ್ರ ಇದರದೇ ವಂಶ.

ಇವರ ಜೊತೆಗೇ ಕ್ಯಾಲಿಮ್ಯಾಕಸ್. ಒಳ್ಳೆಯ ಕವಿ. ಯಾವ ಲೇಖಕ ಏನು ಬರೆದ, ಯಾವ ಪ್ರಕಾರದ್ದು, ಮೊದಲ ಸಾಲು ಯಾವುದು ಅಂತ 120 ಸುರುಳಿಗಳ ಪಟ್ಟಿ ಮಾಡಿದ. ಇಷ್ಟೆಲ್ಲ ಮಾಡಿದವನು ಮುಖ್ಯ ಗ್ರಂಥಪಾಲಕನೇ ಆಗಿರಬೇಕು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಗ್ರಂಥಪಾಲಕರ ಪಟ್ಟಿ ಇದೆ, ಅದರಲ್ಲಿ ಅವನ ಹೆಸರಿಲ್ಲ.

ಅದೇ ಕಸದ ದಿಬ್ಬದಲ್ಲೇ ‘ಕನ್ನಡ ಇರುವ ಗ್ರೀಕ್ ಪ್ರಹಸನ’ ಅಂತ ನಾವೆಲ್ಲ ಕೇಳಿರುವ ಹಾಳೆಯೂ ಸಿಕ್ಕಿದ್ದು. ಭಾರತದ ದಡದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ಅಲ್ಲಿ ಸ್ಥಳೀಯರು ಆಡುವ ಮಾತು ಕನ್ನಡ ಅಂತ ಮೊದಲು ಸೂಚಿಸಿದ್ದು ಹುಲ್ಟ್‌ಶ್ ಎಂಬ ಜರ್ಮನ್ ವಿದ್ವಾಂಸ, ನಮ್ಮವರಲ್ಲಿ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಮೇಲೆ ಕೆಲಸ ಮಾಡಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಇದನ್ನು ಫಾರ್ವರ್ಡ್ ಮಾಡುವಾಗ ಇಷ್ಟನ್ನೂ ಸೇರಿಸಿ. ಗಟ್ಟಿ ಸಂಬಂಧ ಬೇಕಾದರೆ ಕ್ಲಾಡಿಯಸ್ ಟಾಲೆಮಿಯ ಭೂಗೋಳ ಪುಸ್ತಕ ತೆಗೆಯಿರಿ, ಅಲ್ಲಿ ಬನವಾಸಿಯ ಹೆಸರಿದೆ.

ಇನ್ನೂ ಒಂದು ಇದೆ. ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸ್ ಈ ಮೂವರ ನಾಟಕಗಳ ಅಧಿಕೃತ ಪ್ರತಿಯನ್ನು ಅಥೆನ್ಸ್‌ನಿಂದ 15 ಟ್ಯಾಲೆಂಟ್ (ಆಗಿನ ತೂಕದ ಅಳತೆ) ಬೆಳ್ಳಿ ಠೇವಣಿ ಇಟ್ಟು ತರಿಸಿಕೊಂಡ ಟಾಲೆಮಿ, ನಕಲು ಮಾತ್ರ ವಾಪಸ್ ಕಳಿಸಿ ಠೇವಣಿ ಬಿಟ್ಟುಕೊಟ್ಟ ಅಂತ ವೈದ್ಯ ಗೇಲನ್ ಬರೆಯುತ್ತಾನೆ. ಗೇಲನ್ ನಾನೂರು ವರ್ಷ ಆಮೇಲಿನವನು, ಕಾಲಂ ತುಂಬಿ. ಆದರೆ ಆ ನಾಟಕಗಳು ಅಲೆಕ್ಸಾಂಡ್ರಿಯಾದವರ ಕೈಯಲ್ಲಿ ತಿದ್ದುಪಡಿಯಾಗಿ ಮುಂದೆ ಬಂದವು ಅನ್ನೋದರಲ್ಲಿ ಅನುಮಾನ ಇಲ್ಲ. ಬಿ.ಎಂ.ಶ್ರೀ ಅವರ ‘ಪಾರಸಿಕರು’ ಈಸ್ಕಿಲಸ್‌ನ ನಾಟಕದ ಅನುವಾದ. ಆ ನಾಟಕ ಅವರ ಮೇಜಿಗೆ ತಲುಪಿದ ದಾರಿಯಲ್ಲಿ ಈ ಊರು ಇದೆ.

ಹಂತ 7: ತತ್ವಜ್ಞಾನಿಗಳನ್ನು ಕೊನೆಗೆ ಇಟ್ಟುಕೊಳ್ಳಿ

ಕಾರಣ ಇದೆ. ಶುರುವಿನ ಇನ್ನೂರು ಮುನ್ನೂರು ವರ್ಷ ತತ್ವಜ್ಞಾನದ ಊರು ಅಥೆನ್ಸೇ. ಪ್ಲೇಟೋನ ಅಕಾಡೆಮಿ, ಅರಿಸ್ಟಾಟಲ್‌ನ ಲೈಸಿಯಂ, ಸ್ಟೋಯಿಕರ ಪಡಸಾಲೆ ಎಲ್ಲ ಅಲ್ಲಿ. ಎರಡನೇ ಟಾಲೆಮಿಗೆ ಪಾಠ ಹೇಳಿದ ಸ್ಟ್ರೇಟೋ ಕೂಡ ಕೊನೆಗೆ ಅಥೆನ್ಸ್‌ಗೇ ಹೋಗಿ ಲೈಸಿಯಂ ನಡೆಸಿದ.

ಅಲೆಕ್ಸಾಂಡ್ರಿಯಾದಲ್ಲಿ ತತ್ವಜ್ಞಾನ ಬಲ ಪಡೆದಿದ್ದು ಆಮೇಲೆ. ಮೂವರ ಹೆಸರು ಹಿಡಿದುಕೊಳ್ಳಿ. ಫಿಲೋ ಯಹೂದಿ, ತನ್ನ ಧರ್ಮಗ್ರಂಥವನ್ನು ಗ್ರೀಕ್ ತತ್ವಜ್ಞಾನದ ಬೆಳಕಲ್ಲಿ ಓದಿದವನು. ಪ್ಲಾಟಿನಸ್ 28ನೇ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತಾ ಅಲೆದು, ಅಮೋನಿಯಸ್ ಎಂಬುವನ ಪಾಠ ಕೇಳಿ, ಅವನ ಬಳಿ 11 ವರ್ಷ ಇದ್ದ. ಪರ್ಶಿಯನ್ನರ, ಭಾರತೀಯರ ತತ್ವಜ್ಞಾನ ತಿಳಿಯುವ ಆಸೆಯಿಂದ ರೋಮನ್ ಚಕ್ರವರ್ತಿ ಗಾರ್ಡಿಯನ್‌ನ ದಂಡಿನ ಜೊತೆ ಪೂರ್ವಕ್ಕೆ ಹೊರಟ. ದಾರಿಯಲ್ಲೇ ಚಕ್ರವರ್ತಿ ಸತ್ತ, ಇವನು ತಪ್ಪಿಸಿಕೊಂಡು ಬಂದು ಕೊನೆಗೆ ರೋಮ್‌ನಲ್ಲಿ ನೆಲೆಸಿದ. ಇಷ್ಟನ್ನು ಹೇಳೋದು ಅವನ ಸ್ವಂತ ಶಿಷ್ಯ ಪಾರ್ಫಿರಿ. ಅಂತರದ ಕಾಲಂ ಇಲ್ಲಿ ಬಹಳ ಚಿಕ್ಕದು, ನೆಮ್ಮದಿಯಿಂದ ಬರೆದುಕೊಳ್ಳಿ.

ಹೈಪೇಷಿಯಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಣಿತಜ್ಞ ಥಿಯಾನ್‌ನ ಮಗಳು, ಗಣಿತ, ತತ್ವಜ್ಞಾನ ಎರಡನ್ನೂ ಕಲಿಸುತ್ತಿದ್ದಳು. ಕ್ರಿ.ಶ. 415ರಲ್ಲಿ ಒಂದು ಕ್ರೈಸ್ತ ಗುಂಪು ಅವಳನ್ನು ಗಾಡಿಯಿಂದ ಎಳೆದು ಕೊಂದಿತು. ಊರಿನ ಅಧಿಕಾರಿಗೂ ಬಿಷಪ್‌ಗೂ ನಡೆಯುತ್ತಿದ್ದ ಜಗಳದಲ್ಲಿ ಬಲಿಯಾದಳು ಅಂತ ಬರೆದವನು ಅದೇ ಕಾಲದ ಸಾಕ್ರಟೀಸ್ ಎಂಬ ಚರ್ಚ್ ಇತಿಹಾಸಕಾರ, ಅವನೂ ಕ್ರೈಸ್ತನೇ. ಇಲ್ಲಿ ಮಾಡುವ ತಪ್ಪು ಎರಡು. ಅವಳು ಗ್ರಂಥಪಾಲಕಿ ಆಗಿದ್ದಳು ಅನ್ನೋದು, ಗ್ರಂಥಾಲಯ ಸುಟ್ಟ ದಿನವೇ ಸತ್ತಳು ಅನ್ನೋದು. ಎರಡಕ್ಕೂ ಆಧಾರ ಇಲ್ಲ. ಅವಳನ್ನು ತಿಳಿಯಬೇಕಾದರೆ ಅವಳ ಶಿಷ್ಯ ಸಿನೇಸಿಯಸ್‌ನ ಪತ್ರಗಳನ್ನು ಓದಿ. ಸಾವಿನ ವರ್ಣನೆಗಿಂತ ಅಲ್ಲಿ ಅವಳು ಜಾಸ್ತಿ ಜೀವಂತ ಇದ್ದಾಳೆ. ಮಕ್ಕಳನ್ನು ಕಳೆದುಕೊಂಡು, ಹಾಸಿಗೆ ಹಿಡಿದು, ಅವಳನ್ನು ತಾಯಿ, ಅಕ್ಕ, ಗುರು ಅಂತ ಕರೆದು ಬರೆದ ಪತ್ರ ಇದೆ. ಅದೊಂದನ್ನು ತಪ್ಪದೆ ಓದಿ.

ಹಂತ 8: ಈಗ ಬೆಂಕಿಯ ಪ್ರಶ್ನೆ ಕೇಳಿ

ಕಾಲದ ಗೆರೆ ತೆಗೆದು ಈ ಗುರುತುಗಳನ್ನು ಕೆಂಪು ಶಾಯಿಯಲ್ಲಿ ಹಾಕಿ.

ಕ್ರಿ.ಪೂ. 145: ಎಂಟನೇ ಟಾಲೆಮಿ ತನಗಾಗದ ವಿದ್ವಾಂಸರನ್ನು ಓಡಿಸಿದ. ವ್ಯಾಕರಣದ ಅರಿಸ್ಟಾರ್ಕಸ್ ಸೈಪ್ರಸ್‌ಗೆ ಹೋದ. ಊರೂರಿಗೆ ಚದುರಿದ ವೈದ್ಯರು, ಗಣಿತದವರು, ಸಂಗೀತಗಾರರು ಹೊಟ್ಟೆಪಾಡಿಗೆ ಪಾಠ ಹೇಳಿದರು.

ಕ್ರಿ.ಪೂ. 48: ಸೀಸರ್ ಬಂದರಿನ ಹಡಗುಗಳಿಗೆ ಬೆಂಕಿ ಇಟ್ಟ. 40,000 ಸುರುಳಿ ಸುಟ್ಟವು ಅಂತ ರೋಮನ್ ಲೇಖಕ ಸೆನೆಕಾ ಬರೆಯುತ್ತಾನೆ. ಆದರೆ ಇದಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಬಂದ ಸ್ಟ್ರಾಬೊ ಮೂಸೆಯಾನ್ ನಡೆಯುತ್ತಿದೆ ಅಂತಲೇ ಬರೆದಿದ್ದಾನೆ.

ಕ್ರಿ.ಶ. 215: ಚಕ್ರವರ್ತಿ ಕ್ಯಾರಕಲ್ಲಾ ಊರಿನವರ ಮೇಲೆ ಸಿಟ್ಟಾಗಿ ಅಲ್ಲಿನ ಸಾಮೂಹಿಕ ಊಟಗಳನ್ನೇ ನಿಲ್ಲಿಸಿದ ಅಂತ ಇತಿಹಾಸಕಾರ ಡಯೊ ಹೇಳುತ್ತಾನೆ.

ಕ್ರಿ.ಶ. 272: ರೋಮನ್ ಚಕ್ರವರ್ತಿ ಆರೇಲಿಯನ್‌ನ ಯುದ್ಧದಲ್ಲಿ ಅರಮನೆಯ ಕೇರಿ ಹಾಳಾಯಿತು. 391ರ ಸುಮಾರಿಗೆ ಸೆರಾಪಿಯಂ ಗುಡಿಯನ್ನು ಕೆಡವಿದರು, ಆ ಹೊತ್ತಿಗೆ ಅಲ್ಲಿ ಪುಸ್ತಕ ಉಳಿದಿತ್ತಾ ಅನ್ನೋದು ಬೇರೆ ಪ್ರಶ್ನೆ.

ಕ್ರಿ.ಶ. 642ರಲ್ಲಿ ಖಲೀಫ ಉಮರ್ ಹೇಳಿ ಸುಡಿಸಿದ, ಸ್ನಾನದ ಮನೆಗಳ ಒಲೆಗೆ ಹಾಕಿದರು ಅನ್ನೋ ಕಥೆ ಬರಹದಲ್ಲಿ ಮೊದಲು ಕಾಣಿಸೋದು ಸುಮಾರು ಐದೂವರೆ ಆರು ನೂರು ವರ್ಷ ಆದ ಮೇಲೆ. ಬಹುತೇಕ ವಿದ್ವಾಂಸರು ಇದನ್ನು ಒಪ್ಪೋದಿಲ್ಲ.

ಬೆಂಕಿ ಬೀಳದಿದ್ದರೂ ಆ ಸಮುದ್ರದ ತೇವದಲ್ಲಿ ಪಪೈರಸ್ ತಲೆತಲಾಂತರ ಬಾಳಿಕೆ ಬರೋದಿಲ್ಲ. ಯಾರಾದರೂ ಕೂತು ಮತ್ತೆ ಮತ್ತೆ ನಕಲು ಮಾಡುತ್ತಲೇ ಇರಬೇಕು, ಅವರಿಗೆ ಊಟ, ಸಂಬಳ ಸಿಗುತ್ತಿರಬೇಕು. 215ರ ಗುರುತನ್ನು ಇನ್ನೊಮ್ಮೆ ನೋಡಿ. ಒಬ್ಬನೇ ಒಬ್ಬ ಖಳನಾಯಕನ ಹೆಸರು ಹೇಳುವ ಉತ್ತರ ಯಾವುದೇ ಇರಲಿ, ಆ ಹೇಳಿದವರನ್ನು ಇಸವಿ ಯಾವುದು ಅಂತ ಕೇಳಿ.

ಹಂತ 9: ಹೋಗಿ ನೋಡುವವರಿಗೆ

ಕೊಲ್ಲಿ ದೇಶಗಳಲ್ಲಿ, ಯೂರೋಪಿನಲ್ಲಿ ಇರುವ ಕೆಲವರು ಈಜಿಪ್ಟ್ ಪ್ರವಾಸಕ್ಕೆ ಹೊರಟಾಗ ಕೇಳುತ್ತಾರೆ, ಅಲ್ಲಿ ಏನಿದೆ ಅಂತ. ಹಳೇ ಗ್ರಂಥಾಲಯದ ಒಂದು ಕಲ್ಲನ್ನೂ ಗುರುತಿಸಲು ಆಗಿಲ್ಲ. 2002ರಲ್ಲಿ ತೆರೆದ ಹೊಸ ಗ್ರಂಥಾಲಯ ಸಮುದ್ರದ ಎದುರಿಗಿದೆ, ಚೆನ್ನಾಗಿದೆ, ನೋಡಿ. ಸೆರಾಪಿಯಂ ಜಾಗದಲ್ಲಿ ಒಂದು ದೊಡ್ಡ ಕಂಬ ನಿಂತಿದೆ. ಅದನ್ನು ಪಾಂಪೆಯ ಕಂಬ ಅಂತಾರೆ, ಆದರೆ ಅದನ್ನು ನಿಲ್ಲಿಸಿದ್ದು ಚಕ್ರವರ್ತಿ ಡಯೊಕ್ಲೀಷಿಯನ್ ಗೌರವಕ್ಕೆ.

ಕೋಮ್ ಎಲ್ ದಿಕ್ಕಾ ಎಂಬ ಜಾಗವನ್ನು ಮಾತ್ರ ಬಿಡಬೇಡಿ. ಊರ ನಡುವೆಯೇ ಇದೆ. ಎಲ್ಲರೂ ಅಲ್ಲಿನ ಸಣ್ಣ ರಂಗಮಂದಿರದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ನೀವು ಅದರ ಪಕ್ಕದ ಸಾಲಿಗೆ ಹೋಗಿ. ಪೋಲೆಂಡಿನ ಪುರಾತತ್ವ ತಂಡ ಅಗೆದು ತೆಗೆದ 20ಕ್ಕೂ ಹೆಚ್ಚು ಪಾಠದ ಕೋಣೆಗಳಿವೆ, 5 ಮತ್ತು 6ನೇ ಶತಮಾನದವು. ಸೀಸರನ ಬೆಂಕಿ ಆಗಿ ಐನೂರು ವರ್ಷ ದಾಟಿದ ಮೇಲೂ ಈ ಊರಲ್ಲಿ ಪಾಠ ನಡೆಯುತ್ತಿತ್ತು. ಕುದುರೆ ಲಾಳದ ಆಕಾರದಲ್ಲಿ ಮೂರೂ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಕಟ್ಟೆ. ಒಳತುದಿಯಲ್ಲಿ ಸ್ವಲ್ಪ ಎತ್ತರಕ್ಕೆ ಗುರುವಿನ ಆಸನ. ನಡುವೆ ನೆಲದಲ್ಲಿ ಒಂದು ಕಲ್ಲಿನ ಪೀಠ. ಒಂದು ಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನ ಕೂರಬಹುದು. ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದರೆ ಆ ಕಲ್ಲಿನ ಮೇಲೆ ಕೂರಲು ಆಗೋದಿಲ್ಲ.